ಕುದ್ರು ಮತ್ತು ಕೆಡ್ಡಸ: ಉಡುಪಿ ಪರಿಸರದ ನದಿದ್ವೀಪಗಳಲ್ಲಿ ಮಾಗಿಯ ಬದುಕು

1

ಡಿಸೆಂಬರ್ ತಿಂಗಳ ರಜೆ ಆರಂಭವಾದೊಡನೆ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ತುಂಬತೊಡಗುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಜ್ವಾಲಾಮುಖಿ ಚಟುವಟಿಕೆಯಿಂದ ರೂಪುಗೊಂಡ ಇಲ್ಲಿನ ಸ್ತಂಭಾಕೃತಿಯ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸಮೀಕ್ಷಣಾ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದಿದ್ದನೆಂಬ ಪ್ರತೀತಿಯೂ ಇದೆ. ಆದರೆ ಈ ದ್ವೀಪದಲ್ಲಿ ಯಾರೂ ವಾಸಿಸುವುದಿಲ್ಲ. ಬೆಳಗ್ಗೆ ಹೋದವರು ಸಂಜೆಯೊಳಗೆ ಮರಳುತ್ತಾರೆ. ಅಲ್ಲಿ ಉಳಿಯುವುದು ಅವರು ಬಿಟ್ಟುಬಂದ ಕಸ ಮಾತ್ರ.

ಇದೇ ಮಲ್ಪೆಯಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ, ಸ್ವರ್ಣಾ ನದಿಯು ಕಡಲನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಕೆಮ್ಮಣ್ಣು–ಕಲ್ಯಾಣಪುರ ಪರಿಸರದಲ್ಲಿ, ಜನರು ತಲೆಮಾರುಗಳಿಂದ ಬಾಳಿಕೊಂಡು ಬಂದ ದ್ವೀಪಗಳಿವೆ. ಅವುಗಳನ್ನು ಯಾರೂ ದ್ವೀಪವೆಂದು ಕರೆಯುವುದಿಲ್ಲ. ಅವು ಕುದ್ರುಗಳು. ಈ ಎರಡು ಪದಗಳ ನಡುವೆ ಇರುವ ಅಂತರವು ಕೇವಲ ಸಂಸ್ಕೃತ–ದೇಸಿ ಎಂಬ ಭಾಷಿಕ ಅಂತರವಲ್ಲ. ಕುದ್ರು ಎಂಬ ಪದದ ಹಿಂದೆ ನೀರು, ಮಣ್ಣು ಮತ್ತು ನೆರೆಹೊರೆಗಳನ್ನು ಕುರಿತ ಒಂದು ವ್ಯವಸ್ಥಿತ ತಿಳಿವಳಿಕೆಯಿದೆ. ಮಾಗಿಯ ತಿಂಗಳುಗಳಲ್ಲಿ ಆ ತಿಳಿವಳಿಕೆಯು ಹೇಗೆ ಕ್ರಿಯಾಶೀಲವಾಗುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ನದಿಯ ನಡುವಣ ನೆಲವನ್ನು ಸೂಚಿಸಲು ಕನ್ನಡ ನಾಡಿನಲ್ಲಿ ಹಲವು ಪದಗಳು ಬಳಕೆಯಲ್ಲಿವೆ. ಕಾವೇರಿಯ ದಂಡೆಯಲ್ಲಿ ಅದು ತಿಟ್ಟು. ರಂಗನತಿಟ್ಟು ಇದಕ್ಕೆ ಪ್ರಸಿದ್ಧ ನಿದರ್ಶನ. ತುಂಗಭದ್ರೆ ಮತ್ತು ಕೃಷ್ಣೆಯ ಬಯಲಿನಲ್ಲಿ ಗಡ್ಡೆ ಅಥವಾ ನಡುಗಡ್ಡೆ. ಉತ್ತರ ಕನ್ನಡದಲ್ಲಿ ಕುರ್ವೆ. ಕುಮಟೆಯ ಕಡೆಯ ಐಗಳಕುರ್ವೆ, ಹೊನ್ನಾವರದ ಕಡೆಯ ಮಾವಿನಕುರ್ವೆಗಳಲ್ಲಿ ಇದು ಉಳಿದಿದೆ. ಮಂಗಳೂರಿನ ಬಳಿ ನೇತ್ರಾವತಿಯಲ್ಲಿ ಉಳಿಯ ಎಂಬ ಪದವಿದೆ. ಉಡುಪಿ–ಕುಂದಾಪುರ ಪರಿಸರದಲ್ಲಿ ತುಳು ಮತ್ತು ಕುಂದಾಪುರ ಕನ್ನಡ ಎರಡಕ್ಕೂ ಸಮಾನವಾದ ಪದವೆಂದರೆ ಕುದ್ರು.

ಈ ಭಾಗದ ಸ್ಥಳನಾಮಗಳನ್ನು ಗಮನಿಸಿದರೆ ಕುದ್ರು ಎಂಬ ವಾರ್ಗಿಕಕ್ಕೆ ಸೇರುವ ನಿರ್ದಿಷ್ಟಗಳ ವೈವಿಧ್ಯ ಕಣ್ಣಿಗೆ ಬೀಳುತ್ತದೆ. ಪಡುಕುದ್ರು, ಮೂಡುಕುದ್ರುಗಳಲ್ಲಿ ದಿಕ್ಕು. ಹಂಗಾರಕಟ್ಟೆ ಬಳಿಯ ಬಾಳೆಕುದ್ರುವಿನಲ್ಲಿ ಬೆಳೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಉಪ್ಪು. ಕೆಮ್ಮಣ್ಣಿನ ತಿಮ್ಮಣ್ಣಕುದ್ರುವಿನಲ್ಲಿ ವ್ಯಕ್ತಿ. ಕನ್ನಡಕುದ್ರುವಿನಲ್ಲಿ ಭಾಷೆ ಅಥವಾ ಜನವರ್ಗ. ಬಬ್ಬುಕುದ್ರುವಿನ ಬಬ್ಬು ಎಂಬುದು ತುಳುನಾಡಿನಲ್ಲಿ ದೈವದ ಹೆಸರೂ ಹೌದು. ಅಂದರೆ ಒಂದು ಕುದ್ರುವಿಗೆ ಹೆಸರು ಬರುವುದು ಅಲ್ಲಿ ಯಾರು ನೆಲೆಸಿದರು, ಏನು ಬೆಳೆಯಿತು, ಯಾವ ನೆಲೆಯಿಂದ ಅದನ್ನು ನೋಡಲಾಯಿತು ಎಂಬ ಸಂಬಂಧಗಳ ಮೂಲಕ. ಪಡು, ಮೂಡು ಎಂಬ ವಿಶೇಷಣಗಳಂತೂ ಎದುರು ದಡವೊಂದಿಲ್ಲದೆ ಅರ್ಥವನ್ನೇ ಪಡೆಯಲಾರವು. ಹಾಗಾಗಿ ಕುದ್ರು ಎಂದರೆ ಏಕಾಂತದ ನೆಲೆಯಲ್ಲ. ದಡದೊಡನೆ ನಿತ್ಯ ಕೊಡುಕೊಳೆ ಇರುವ ನೆಲೆ.

ಇದರೊಂದಿಗೆ ಬೆಂಗ್ರೆ ಎಂಬ ಪದವನ್ನೂ ಇಟ್ಟು ನೋಡಬೇಕು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಇರುವ ಮರಳ ಪಟ್ಟಿಯೇ ಬೆಂಗ್ರೆ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲಿಗೆ ಸೇರುವಲ್ಲಿರುವ ಕೋಡಿಬೆಂಗ್ರೆ ಇದಕ್ಕೆ ಉದಾಹರಣೆ. ಇಂಥ ನೆಲದ ಬದುಕು ಕನ್ನಡ ಸಾಹಿತ್ಯದ ಓದುಗರಿಗೆ ಅಪರಿಚಿತವೇನಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯು ಹೊಳೆ–ಕಡಲುಗಳ ನಡುವಣ ಕೋಡಿ ಗ್ರಾಮವನ್ನೇ ತನ್ನ ಭಿತ್ತಿಯಾಗಿಸಿಕೊಂಡಿದೆ.

3

ಕುದ್ರುವಿನ ಬದುಕಿನಲ್ಲಿ ಮಾಗಿಗೆ ಏಕೆ ವಿಶೇಷ ಸ್ಥಾನವಿದೆ ಎಂಬುದನ್ನು ಅರಿಯಲು ಅಲ್ಲಿನ ನೀರಿನ ಸ್ವಭಾವವನ್ನು ತಿಳಿಯಬೇಕು. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಮಳೆಗಾಲದಲ್ಲಿ ಕಾರ್ಕಳದ ಘಟ್ಟದ ತಪ್ಪಲಿನ ನೀರನ್ನು ಹೊತ್ತು ತರುವ ಸ್ವರ್ಣೆಯು ಕಡಲಿನ ಉಪ್ಪನ್ನು ಹೊರಕ್ಕೆ ತಳ್ಳುತ್ತಾಳೆ. ಡಿಸೆಂಬರ್ ಹೊತ್ತಿಗೆ ಹರಿವು ಸೊರಗಿ, ಉಬ್ಬರದೊಡನೆ ಉಪ್ಪುನೀರು ಹೊಳೆಯಲ್ಲಿ ಒಳನಾಡಿನತ್ತ ಏರತೊಡಗುತ್ತದೆ. ಆಗ ಕುದ್ರುವಿನ ಸುತ್ತಲೂ ಇರುವುದು ಕುಡಿಯಲಾಗದ ನೀರು.

ಆದರೂ ಕುದ್ರುವಿನ ಬಾವಿಯಲ್ಲಿ ಸಿಹಿನೀರು ದೊರೆಯುತ್ತದೆ. ಇದರ ಕಾರಣ ಸರಳವಾದುದು. ಮರಳುಮಣ್ಣಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾಗಿರುವುದರಿಂದ ಅದರ ಮೇಲೆ ತೇಲುತ್ತ, ನಡುವೆ ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಮಸೂರದ ಆಕಾರದಲ್ಲಿ ನಿಲ್ಲುತ್ತದೆ. ಸಿಹಿನೀರಿನ ಮಟ್ಟವು ಕಡಲಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಲ್ಲದು ಎಂಬುದು ಜಲವಿಜ್ಞಾನದ ಲೆಕ್ಕ. ಇದೇ ಲೆಕ್ಕವನ್ನು ತಿರುವಿ ನೋಡಿದರೆ ಅಪಾಯದ ಸ್ವರೂಪ ತಿಳಿಯುತ್ತದೆ: ಬಾವಿಯ ಮಟ್ಟ ಒಂದು ಅಡಿ ಇಳಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಮೇಲೇರಲು ದಾರಿಯಾಗುತ್ತದೆ. ಕೈಯಿಂದ ಸೇದುವ, ಏತದಿಂದ ಎತ್ತುವ ನಿಧಾನಗತಿಯ ಕ್ರಮದಲ್ಲಿ ಈ ಸಮತೋಲ ಕೆಡುತ್ತಿರಲಿಲ್ಲ. ಪಂಪು ಗಂಟೆಗಟ್ಟಲೆ ಎಳೆದಾಗ ಉಪ್ಪು ಶಂಕುವಿನಂತೆ ಮೇಲೆದ್ದು ಬಾವಿಯನ್ನು ಸೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಮುಂದಿನ ಮಳೆಗಾಲದವರೆಗೆ ಸಿಹಿಯಾಗುವುದು ಕಷ್ಟ. ಕುದ್ರುವಿನಲ್ಲಿ ಬಾವಿ ಆಳವಿಲ್ಲದಿರುವುದು ಬಡತನದ ಕುರುಹಲ್ಲ, ವಿವೇಕದ ಕುರುಹು.

ಕೃಷಿಯೂ ಇದೇ ಮಿತಿಯನ್ನು ಒಪ್ಪಿಕೊಂಡಿದೆ. ತುಳುನಾಡಿನ ಭತ್ತದ ಬೇಸಾಯದಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಕ್ರಮವಿದ್ದರೂ ಉಪ್ಪಿನ ಅಂಚಿನ ಗದ್ದೆಗಳಿಗೆ ದಕ್ಕುವುದು ಸಾಮಾನ್ಯವಾಗಿ ಮಳೆಗಾಲದ ಏಣಿಲು ಮಾತ್ರ. ಕೊಯ್ಲಿನ ಅನಂತರ ಮಣ್ಣಿನಲ್ಲುಳಿದ ತೇವವನ್ನೇ ನಂಬಿ ಉದ್ದು, ಹೆಸರು, ಅಲಸಂದೆ, ತರಕಾರಿಗಳನ್ನು ಬೆಳೆಯುವುದು ರೂಢಿ. ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಮರುವಾಯಿ ಹೆಕ್ಕುವುದು, ಅದರ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು, ತೆಂಗಿನ ಸಿಪ್ಪೆಯನ್ನು ಹಿನ್ನೀರಿನ ಕೆಸರಿನಲ್ಲಿ ಕೊಳೆಹಾಕಿ ನಾರು ಬಿಡಿಸಿ ಹಗ್ಗ ಹೊಸೆಯುವುದು ಇವೆಲ್ಲ ಸಿಹಿನೀರನ್ನು ಬೇಡದ ಕಸುಬುಗಳು ಎಂಬುದು ಗಮನಾರ್ಹ. ಸಿಹಿನೀರು ವಿರಳವಾದಂತೆ ಬದುಕು ಉಪ್ಪುನೀರಿನ ಆದಾಯದತ್ತ ಸರಿಯುತ್ತದೆ.

4

ಈ ಬಗೆಯ ಮಿತಿಯನ್ನು ಒಂದು ಮನೆಯವರು ಒಂಟಿಯಾಗಿ ಪಾಲಿಸಲಾರರು. ಹಾಗಾಗಿ ಮಾಗಿಯು ಸಮುದಾಯದ ಕೆಲಸಗಳ ಕಾಲವೂ ಹೌದು. ತೊರೆಗಳ ಹರಿವು ಸಣ್ಣದಾದ ಮೇಲೆ ಕಲ್ಲು, ಮಣ್ಣು, ಮರಗಳಿಂದ ಅಡ್ಡಲಾಗಿ ಕಟ್ಟ ಹಾಕಿ ನೀರನ್ನು ನಿಲ್ಲಿಸುವ ಪದ್ಧತಿ ಕರಾವಳಿಯುದ್ದಕ್ಕೂ ಇತ್ತು. ಕಾಸರಗೋಡಿನ ಏತಡ್ಕದಲ್ಲಿ ಇದು ಉಳಿದು ಬಂದ ಬಗೆಯನ್ನು ಪತ್ರಕರ್ತ ಶ್ರೀಪಡ್ರೆಯವರು ವಿವರವಾಗಿ ದಾಖಲಿಸಿದ್ದಾರೆ. ಕಟ್ಟದ ಕೆಲಸದಲ್ಲಿ ಯಾರ ಗದ್ದೆಗೆ ಎಷ್ಟು ನೀರು ಎಂಬುದಕ್ಕಿಂತ ಯಾರ ಮನೆಯಿಂದ ಎಷ್ಟು ಆಳು ಎಂಬುದು ಮೊದಲು ತೀರ್ಮಾನವಾಗುತ್ತದೆ. ನೇತ್ರಾವತಿಯ ಪಾವೂರು ಉಳಿಯದ ನಿವಾಸಿಗಳು ಮಳೆ ನಿಂತ ಮೇಲೆ ತಾವೇ ಸೇರಿ ಮರದ ಕಾಲುಸಂಕ ಕಟ್ಟಿ, ಮುಂದಿನ ಮಳೆಗೆ ಮೊದಲು ಬಿಚ್ಚುತ್ತಿದ್ದುದೂ ಇದೇ ಕ್ರಮಕ್ಕೆ ಸೇರಿದ್ದು.

ಹಬ್ಬಗಳ ವಿಷಯದಲ್ಲಿಯೂ ಹಂಚಿಕೆಯೇ ಮುಖ್ಯ ತತ್ತ್ವ. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಿನ ಇತಿಹಾಸವು 1678ರಷ್ಟು ಹಿಂದಕ್ಕೆ ಹೋಗುತ್ತದೆ. ಈ ಸುತ್ತಿನಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರ ವಸತಿ ಹಳೆಯದು. ಕ್ರಿಸ್ಮಸ್ ಹೊತ್ತಿಗೆ ಅವರ ಮನೆಗಳಲ್ಲಿ ಅಕ್ಕಿಹಿಟ್ಟು, ತೆಂಗಿನಕಾಯಿ, ಬೆಲ್ಲ ಮೊದಲಾದವುಗಳಿಂದ ಸಿದ್ಧವಾಗುವ ನೆವ್ರಿ, ಕಿಡ್ಯೊ, ಗುಳಿಯೊ, ಚಕ್ಕುಲಿಗಳ ಸಮೂಹಕ್ಕೆ ಕುಸ್ವಾರ್ ಎಂದು ಹೆಸರು. ಕುಸ್ವಾರ್ ಮನೆಯವರಷ್ಟೇ ತಿನ್ನುವ ತಿಂಡಿಯಲ್ಲ. ತಟ್ಟೆಯಲ್ಲಿಟ್ಟು ನೆರೆಮನೆಗಳಿಗೆ, ಅನ್ಯಮತದವರ ಮನೆಗಳಿಗೂ ಕಳುಹಿಸುವಂಥದು. ಚೌತಿ, ದೀಪಾವಳಿಗಳಲ್ಲಿ ಬಂದ ತಿಂಡಿಗೆ ಇದು ಪ್ರತಿಯಾಗುತ್ತದೆ. ಜನವರಿಯ ಕೊನೆಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಉತ್ಸವಕ್ಕೆ ಎಲ್ಲ ಮತದವರೂ ಸೇರುವುದು ಇಂಥ ನೆರೆತನದ ದೊಡ್ಡ ರೂಪ.

ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯೋತ್ಸವದ ಸಿದ್ಧತೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ಧಾರ್ಮಿಕ ವಿಧಿಗಳಾಗಿರುವಂತೆಯೇ ಅನ್ನದಾನಕ್ಕೆ ಬೇಕಾದ ವಸ್ತುಗಳನ್ನು ಕಾಲಕ್ಕೆ ಸರಿಯಾಗಿ ನೆಟ್ಟು, ಸಂಗ್ರಹಿಸಿ, ಒಣಗಿಸಿ ಇಡುವ ಯೋಜನೆಯೂ ಆಗಿವೆ. ಊರೂರುಗಳಿಂದ ಬರುವ ಹೊರೆಕಾಣಿಕೆಯು ಆ ಯೋಜನೆಯನ್ನು ಪೂರ್ಣಗೊಳಿಸುತ್ತದೆ. ಕಾಪು ತಾಲೂಕಿನ ಮಟ್ಟು ಗ್ರಾಮದಲ್ಲಿ ಬೆಳೆಯುವ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳವು ಇದರಲ್ಲಿ ವಿಶೇಷ ಸ್ಥಾನ ಪಡೆದಿರುವುದು ಪ್ರಸಿದ್ಧ. ಕಡಲು–ಹೊಳೆಗಳ ನಡುವಣ ತೆಳುವಾದ ನೆಲದ ಬೆಳೆಯೊಂದು ಊರ ದೊಡ್ಡ ಪಂಕ್ತಿಯ ಗೌರವವನ್ನು ಪಡೆದುಕೊಂಡಿದೆ.

5

ಮಾಗಿಯ ಈ ಕ್ರಮಕ್ಕೆ ಕೊನೆಯ ಅಂಕಿತ ಹಾಕುವ ಆಚರಣೆ ಕೆಡ್ಡಸ. ತುಳು ಪಂಚಾಂಗದ ಪುಯಿಂತೆಲ್ ತಿಂಗಳ ಕೊನೆಯಲ್ಲಿ, ಅಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಇದು ಬರುತ್ತದೆ. ಭೂಮಿಯು ಋತುಮತಿಯಾಗುವಳೆಂಬ ನಂಬಿಕೆಯಿಂದ ಆ ದಿನಗಳಲ್ಲಿ ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಗಿಡಮರಗಳನ್ನು ಕಡಿಯುವಂತಿಲ್ಲ. ಹುರಿದ ಅಕ್ಕಿ, ಹುರುಳಿಗಳಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ಹಂಚಿ ತಿನ್ನುತ್ತಾರೆ. ಕೊನೆಯ ದಿನ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ ಬಿಟ್ಟು, ಸೀಗೆಯಿಟ್ಟು ಭೂಮಿಗೆ ಮೀಯಿಸುತ್ತಾರೆ.

ಕೆಡ್ಡಸವನ್ನು ಫಲವಂತಿಕೆಯ ಆಚರಣೆಯೆಂದು ಜಾನಪದ ವಿದ್ವಾಂಸರು ವಿವೇಚಿಸಿರುವುದು ಸರಿಯೇ. ಅದರ ಇನ್ನೊಂದು ಮುಖವನ್ನು ಇಲ್ಲಿ ಒತ್ತಿಹೇಳಬೇಕಾಗಿದೆ. ನಾವಿಂದು ರಜೆ ಎನ್ನುವುದು ಮನುಷ್ಯನಿಗೆ ದುಡಿಮೆಯಿಂದ ದೊರೆಯುವ ಬಿಡುವು. ಆ ಬಿಡುವಿನಲ್ಲಿ ಆತ ನೆಲದ ಮೇಲೆ, ನೀರಿನ ಮೇಲೆ ಹಾಕುವ ಭಾರ ಹೆಚ್ಚುತ್ತದೆ. ಕೆಡ್ಡಸದಲ್ಲಿ ಬಿಡುವು ದೊರೆಯುವುದು ನೆಲಕ್ಕೆ. ಮನುಷ್ಯನ ವಿಶ್ರಾಂತಿಯು ಅದರ ಪರಿಣಾಮ ಮಾತ್ರ. ಈ ಆಚರಣೆಯೊಂದಿಗೆ ಬೇಟೆಯ ಸಂಪ್ರದಾಯವೂ ತಳುಕುಹಾಕಿಕೊಂಡಿತ್ತು ಎಂಬುದನ್ನು ಮರೆಯುವಂತಿಲ್ಲ. ಹಾಗಾಗಿ ಇದನ್ನು ಆಧುನಿಕ ಪರಿಸರವಾದದ ಪೂರ್ವರೂಪವೆಂದು ವೈಭವೀಕರಿಸುವುದು ಸಾಧುವಲ್ಲ. ಆದರೆ ಬಳಕೆಗೆ ನಿಲುಗಡೆಯೊಂದು ಇರಬೇಕೆಂಬ ಕಲ್ಪನೆ ಅದರಲ್ಲಿ ಸ್ಪಷ್ಟವಾಗಿದೆ.

6

ಇಂದಿನ ಸ್ಥಿತಿ ಬೇರೆಯಾಗಿದೆ. ಸೇತುವೆಗಳು ಬಂದದ್ದರಿಂದ ಕುದ್ರುವಿನ ಬಸುರಿ ಹೆಂಗಸಿಗೆ, ಶಾಲೆಯ ಮಗುವಿಗೆ ಉಪಕಾರವಾಗಿದೆ. ದೋಣಿಗಾಗಿ ಮಳೆಯಲ್ಲಿ ಕಾಯುತ್ತಿದ್ದ ಕಾಲವನ್ನು ಹಂಬಲಿಸುವುದು ದಡದಲ್ಲಿರುವವರ ವಿಲಾಸವಾದೀತು. ಅದೇ ವೇಳೆಗೆ ತಿಮ್ಮಣ್ಣಕುದ್ರುವಿನ ತೂಗುಸೇತುವೆ ತಾನೇ ಒಂದು ಪ್ರವಾಸಿ ತಾಣವಾಗಿದೆ. ಹೊಳೆಯಂಚಿನ ವಸತಿಗೃಹಗಳಿಗೆ ಬೇಡಿಕೆ ಏರುವುದು ಡಿಸೆಂಬರ್–ಜನವರಿಯಲ್ಲಿ. ನೆಲದೊಳಗಿನ ಸಿಹಿನೀರು ಸೊರಗತೊಡಗುವುದೂ ಆಗಲೇ. ಮೇಲ್ದಂಡೆಯಲ್ಲಿ ಬಜೆಯ ಅಣೆಕಟ್ಟಿನಿಂದ ಉಡುಪಿ, ಮಣಿಪಾಲಗಳಿಗೆ ಸ್ವರ್ಣೆಯ ನೀರು ಪೂರೈಕೆಯಾಗುತ್ತದೆ. 2019ರ ಬೇಸಗೆಯಲ್ಲಿ ಅಲ್ಲಿಯೂ ನೀರು ಬತ್ತಿ ನಗರವು ಪರದಾಡಿತು. ಕಾರ್ಕಳದ ತಪ್ಪಲು, ಮಣಿಪಾಲದ ನಲ್ಲಿ, ಕೆಮ್ಮಣ್ಣಿನ ಕುದ್ರು ಇವು ಒಂದೇ ನೀರಿನ ಪಾಲುದಾರರು ಎಂಬುದು ಆಗ ಪ್ರತ್ಯಕ್ಷವಾಯಿತು.

2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 20 ಮೀಟರನ್ನು ನಿರ್ಮಾಣನಿಷೇಧದ ಪ್ರದೇಶವೆಂದು ನಿಗದಿಪಡಿಸಿದೆ. ಕಾನೂನು ದ್ವೀಪವನ್ನು ಅಂಚಿನಿಂದ ಅಳೆಯುತ್ತದೆ. ಕುದ್ರುವಿನ ಅಳತೆ ಇರುವುದು ಅದರ ನಡುವಣ ಬಾವಿಯಲ್ಲಿ. ಈ ಎರಡನೆಯ ಅಳತೆಯನ್ನು ಬಲ್ಲವರು ಅಲ್ಲಿನ ಹಿರಿಯರು. ಅವರ ಅರಿವು ಇರುವುದು ತುಳು ಮತ್ತು ಕುಂದಾಪುರ ಕನ್ನಡದ ಮಾತುಗಳಲ್ಲಿ.

ಇಲ್ಲಿಯೇ ಕನ್ನಡ ಅಧ್ಯಯನದ ಹೊಣೆ ಬರುತ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ನಮ್ಮ ಮುಂದಿದೆ. ಆ ಭದ್ರವಾದ ತಳಹದಿಯ ಮೇಲೆ ಪ್ರತಿ ಕುದ್ರುವಿನ ವೃತ್ತಿಪದಗಳನ್ನು, ಬಾವಿ, ಕಟ್ಟ, ಕಡವುಗಳನ್ನು ಕುರಿತ ಮಾತುಗಳನ್ನು, ಉಬ್ಬರ–ಇಳಿತಗಳ ಲೆಕ್ಕವನ್ನು ಹೇಳಿದವರ ಸಂದರ್ಭಸಹಿತ ಸಂಗ್ರಹಿಸುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳ ಮೂಲಕವೇ ಆರಂಭಿಸಬಹುದು. ಅದಕ್ಕೆ ಡಿಸೆಂಬರ್‌ನ ರಜೆಯೇ ತಕ್ಕ ಕಾಲ. ಕುದ್ರು ಎಂಬಲ್ಲಿ ಎಲ್ಲರೂ ದ್ವೀಪ ಎನ್ನತೊಡಗಿದ ದಿನ ಒಂದು ಪದವಷ್ಟೇ ಮರೆಯಾಗುವುದಿಲ್ಲ. ಬಾವಿಯನ್ನು ಎಷ್ಟು ಆಳ ತೋಡಬಾರದು ಎಂಬ ತಿಳಿವಳಿಕೆಯೂ ಅದರೊಂದಿಗೆ ಹೋಗುತ್ತದೆ.