ಮಗ ಪರದೇಶದಲ್ಲಿದ್ದಾನೆಯೇ? ಮೊದಲು ಪ್ಯಾನ್, ಆಮೇಲೆ ಸಂಚಕಾರ



ದನದ ಡಾಕ್ಟರಿಗೆ ಆದಾಯ ತೆರಿಗೆಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಮೊರಬ ಹಾಗೂ ಸುತ್ತಲಿನ ಹಳ್ಳಿಗಳಿಗೆ ಲಸಿಕೆಗೋ, ಬಂಜೆತನ ನಿವಾರಣಾ ಶಿಬಿರಕ್ಕೋ ಬಂದಾಗ ದನದ ಮಾತು ಮುಗಿದ ಮೇಲೆ ಈಚೆಗೆ ಇನ್ನೊಂದು ಮಾತು ಬರುತ್ತದೆ. “ಸಾಹೇಬ್ರ, ಮಗ ದುಬೈದಾಗ ಅದಾನ್ರಿ. ಇಲ್ಲೆ ನಾಲ್ಕ ಎಕರೆ ಹೊಲ ಹಿಡಿದು ಡೈರಿ ಮಾಡ್ತೀನಿ ಅಂತಾನ. ಪ್ಯಾನ್ ಕಾರ್ಡ್ ಬೇಕಂತ. ಅಲ್ಲಿಂದ ಹೆಂಗ್ ತಗಸೂದ್ರಿ?” ಎಂದು ಕೇಳುವವರು ಹೆಚ್ಚಾಗಿದ್ದಾರೆ. ಈ ಪ್ರಶ್ನೆಯಲ್ಲಿ ಎರಡು ವಿಷಯಗಳಿವೆ. ಪ್ಯಾನ್ ತೆಗೆಸುವುದು ಸುಲಭ. ತೊಡಕಿರುವುದು ಹೊಲದ ಮಾತಿನಲ್ಲಿ. ಎರಡನ್ನೂ ತಿಳಿಯದೆ ಸಂಚಕಾರ ಕೊಟ್ಟರೆ ಮಗ ಬಿಸಿಲಲ್ಲಿ ದುಡಿದ ಹಣ ಸಿಕ್ಕಿಬೀಳುತ್ತದೆ.

ಪ್ಯಾನ್ ಎಂದರೆ ಆದಾಯ ತೆರಿಗೆ ಇಲಾಖೆಯು ಕೊಡುವ ಶಾಶ್ವತ ಖಾತೆ ಸಂಖ್ಯೆ. ತಮ್ಮ ಆಕಳ ಕಿವಿಯಲ್ಲಿರುವ 12 ಅಂಕಿಯ ಓಲೆಯನ್ನು ನೆನೆಯಿರಿ. ಆಕಳನ್ನು ಯಾರಿಗೆ ಮಾರಿದರೂ ಆ ಸಂಖ್ಯೆ ಬದಲಾಗದು. ಸಂಖ್ಯೆ ತಾಳೆಯಾಗದಿದ್ದರೆ ವಿಮೆಯ ಹಣ ಬಾರದು. ಪ್ಯಾನ್ ಕೂಡ ಹಾಗೆಯೇ. ಅದು ಮೊದಲು ಐದು ಇಂಗ್ಲಿಷ್ ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ, ಒಟ್ಟು ಹತ್ತು. ಬೆಲೆಬಾಳುವ ಸ್ಥಿರಾಸ್ತಿಯ ಖರೀದಿಗೆ ಇದನ್ನು ಕಾಣಿಸಬೇಕು. 2016ರಲ್ಲಿ ಈ ಮಿತಿಯನ್ನು 5 ಲಕ್ಷ ರೂಪಾಯಿಯಿಂದ 10 ಲಕ್ಷಕ್ಕೆ ಏರಿಸಲಾಯಿತು. ಮಿತಿ ಕಾಲಕಾಲಕ್ಕೆ ಏರುತ್ತಿರುತ್ತದೆ. ಅದು ಎಷ್ಟೇ ಇರಲಿ, ಮುಂದೆ ಆ ಮನೆಯನ್ನು ಬಾಡಿಗೆಗೆ ಕೊಟ್ಟಾಗ, ಮಾರಿದಾಗ ತೆರಿಗೆಯ ಲೆಕ್ಕಕ್ಕೆ ಪ್ಯಾನ್ ಬೇಕೇ ಬೇಕು. ಯಾರ ಹೆಸರಿಗೆ ಖರೀದಿಯೋ ಅವರದೇ ಪ್ಯಾನ್ ಆಗಬೇಕು. ತಂದೆಯ ಪ್ಯಾನ್ ತೋರಿಸಿ ಮಗನ ಹೆಸರಿಗೆ ಖರೀದಿ ಹಾಕಲಿಕ್ಕಾಗುವುದಿಲ್ಲ.

ಅರ್ಜಿ ಹಾಕುವ ಮುನ್ನ ಒಂದು ಮಾತನ್ನು ಮಗನಿಗೆ ಕೇಳಿರಿ: ಹಿಂದೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದಾಗ ಪ್ಯಾನ್ ಮಾಡಿಸಿದ್ದನೇ? ಮಾಡಿಸಿದ್ದರೆ ಅದೇ ಅವನ ಸಂಖ್ಯೆ. ಕಾರ್ಡು ಕಳೆದಿದ್ದರೆ ಅದರದೇ ನಕಲು ಪಡೆಯಬೇಕು. ಒಬ್ಬನ ಬಳಿ ಎರಡು ಪ್ಯಾನ್ ಇರುವುದು ಅಪರಾಧ, ಹತ್ತು ಸಾವಿರ ರೂಪಾಯಿ ದಂಡವಿದೆ. ಆದರೆ ಹಳೆಯ ಪ್ಯಾನಿಗೆ ಇನ್ನೊಂದು ಕಂಟಕವುಂಟು. ಆಧಾರ್ ಜೋಡಿಸದ ಪ್ಯಾನ್‌ಗಳನ್ನು 2023ರ ಜುಲೈ 1ರಿಂದ ನಿಷ್ಕ್ರಿಯಗೊಳಿಸಲಾಯಿತು. ಆಧಾರ್ ಇಲ್ಲದ ಅನಿವಾಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಹಾಗಿದ್ದರೂ ಇಲಾಖೆಯ ದಾಖಲೆಯಲ್ಲಿ ಮಗ ಇನ್ನೂ ‘ನಿವಾಸಿ’ ಎಂದೇ ಇದ್ದರೆ ಅವನ ಸಂಖ್ಯೆಯೂ ನಿಂತಿರುತ್ತದೆ. ಅಂಥವರು ಪಾಸ್‌ಪೋರ್ಟಿನ ಪ್ರತಿಯೊಂದಿಗೆ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಬರೆದು ‘ಅನಿವಾಸಿ’ ಎಂದು ತಿದ್ದಿಸಿಕೊಳ್ಳಬೇಕು.

ಹೊಸದಾಗಿ ಮಾಡಿಸುವವರು ಪರದೇಶದಲ್ಲಿ ಕುಳಿತೇ ಕಂಪ್ಯೂಟರಿನ ಮೂಲಕ ಅರ್ಜಿ ಹಾಕಬಹುದು. ಇಲಾಖೆಯ ಪರವಾಗಿ ಅರ್ಜಿ ಪಡೆಯುವ ಸಂಸ್ಥೆಗಳು ಎರಡು, ಪ್ರೋಟಿಯನ್ ಮತ್ತು ಯುಟಿಐಐಟಿಎಸ್‌ಎಲ್. ಭಾರತದ ಪೌರರಿಗೆ ಒಂದು ನಮೂನೆ, ವಿದೇಶದ ಪೌರತ್ವ ಪಡೆದವರಿಗೆ ಬೇರೊಂದು. ಬಹುಕಾಲ ಇವು 49ಎ ಮತ್ತು 49ಎಎ ಎಂಬ ಹೆಸರಿನಿಂದಲೇ ಪರಿಚಿತವಾಗಿದ್ದವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ್ದರಿಂದ ಸಂಖ್ಯೆಯನ್ನು ನಂಬಿ ಕೂಡಬೇಡಿರಿ, ನಮೂನೆಯ ತಲೆಬರಹವನ್ನು ಓದಿಸಿರಿ. ದುಬೈ, ಕುವೈತ್ ಕಡೆ ದುಡಿಯುವ ನಮ್ಮ ಹುಡುಗರ ಪಾಸ್‌ಪೋರ್ಟು ಭಾರತದ್ದೇ ಆಗಿರುವುದರಿಂದ ಅವರಿಗೆ ಮೊದಲನೆಯ ನಮೂನೆ. ಗುರುತಿಗೂ ಜನ್ಮ ದಿನಾಂಕಕ್ಕೂ ಪಾಸ್‌ಪೋರ್ಟಿನ ಪ್ರತಿ ಸಾಕು. ಅಲ್ಲಿನ ವಿಳಾಸಕ್ಕೆ ಅಲ್ಲಿಯ ಬ್ಯಾಂಕಿನ ಖಾತೆ ವಿವರ ಅಥವಾ ಇಲ್ಲಿಯ ಎನ್.ಆರ್.ಇ. ಖಾತೆಯ ವಿವರ ಬೇಕು, ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. 2025ರ ದರದಂತೆ ಕಾರ್ಡು ಭಾರತದ ವಿಳಾಸಕ್ಕೆ ಬರಬೇಕಾದರೆ 107 ರೂಪಾಯಿ, ಹೊರದೇಶಕ್ಕೆ ಹೋಗಬೇಕಾದರೆ 1,017 ರೂಪಾಯಿ. ಕಾರ್ಡು ಬೇಡ, ಇ-ಮೇಲಿಗೆ ಬರುವ ಇ-ಪ್ಯಾನ್ ಸಾಕು ಎಂದರೆ ಇನ್ನೂ ಕಡಿಮೆ. ಕಾನೂನಿಗೆ ಎರಡೂ ಒಂದೇ.

ಅರ್ಜಿಗಳು ತಿರುಗಿ ಬರುವುದು ಹೆಚ್ಚಾಗಿ ಹೆಸರಿನಿಂದ. ನಮ್ಮ ಭಾಗದಲ್ಲಿ ಒಬ್ಬನಿಗೇ ಮೂರು ಬಗೆಯ ಹೆಸರಿರುತ್ತದೆ. ಉತಾರದಲ್ಲಿ ಬಸವರಾಜ ಶಿವಪ್ಪ ಪಾಟೀಲ, ಶಾಲೆಯ ದಾಖಲೆಯಲ್ಲಿ ಬಿ. ಎಸ್. ಪಾಟೀಲ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಎಲ್ಲವನ್ನೂ ಒಂದೇ ಕಡೆ ತುಂಬಿರುತ್ತಾರೆ. ಪ್ಯಾನ್ ನಮೂನೆಯಲ್ಲಿ ಅಡ್ಡಹೆಸರು, ಸ್ವಂತ ಹೆಸರು, ನಡುವಿನ ಹೆಸರು ಎಂದು ಬೇರೆ ಬೇರೆ ಮನೆಗಳಿವೆ. ಅಡ್ಡಹೆಸರು ಮತ್ತು ಸ್ವಂತ ಹೆಸರಿನ ಮನೆಯಲ್ಲಿ ಬಿಡಿ ಅಕ್ಷರ ನಡೆಯುವುದಿಲ್ಲ, ಪೂರ್ಣವಾಗಿ ಬರೆಯಬೇಕು. ಇರುವುದೊಂದೇ ಹೆಸರಾದರೆ ಅದನ್ನು ಅಡ್ಡಹೆಸರಿನ ಮನೆಯಲ್ಲಿ ಬರೆಯಬೇಕು. ಪ್ಯಾನಿನ ಐದನೆಯ ಅಕ್ಷರವನ್ನು ಅಡ್ಡಹೆಸರಿನ ಮೊದಲ ಅಕ್ಷರದಿಂದಲೇ ತೆಗೆಯುವುದರಿಂದ ಇಲ್ಲಿ ತಪ್ಪಿದರೆ ಸಂಖ್ಯೆಯಲ್ಲಿಯೇ ಅದು ಕೂತುಬಿಡುತ್ತದೆ. ತಂದೆಯ ಹೆಸರು ಕಡ್ಡಾಯ. ಮದುವೆಯಾದ ಹೆಣ್ಣುಮಕ್ಕಳೂ ಗಂಡನ ಹೆಸರಿನ ಬದಲು ತಂದೆಯ ಹೆಸರನ್ನೇ ಕೊಡಬೇಕು. ತಾಯಿಯೊಬ್ಬಳೇ ಬೆಳೆಸಿದ ಮಕ್ಕಳು ತಾಯಿಯ ಹೆಸರು ಮಾತ್ರ ಬರೆಯಲು 2018ರಿಂದ ಅವಕಾಶವಿದೆ. ನನ್ನ ಸಲಹೆ ಇಷ್ಟೇ: ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ ಪ್ಯಾನ್ ಮಾಡಿಸಿ, ಖರೀದಿ ಪತ್ರದಲ್ಲಿಯೂ ಅದೇ ಹೆಸರನ್ನು ಬರೆಸಿರಿ.

ಪೇಟೆಯ ಕಂಪ್ಯೂಟರ್ ಅಂಗಡಿಯವರಿಗೆ ಹೇಳಿ ಮಗನ ಅರ್ಜಿಯನ್ನು ಇಲ್ಲಿಯೇ ತುಂಬಿಸುವವರೂ ಇದ್ದಾರೆ. ಅವರು ಅವಸರದಲ್ಲಿ ಊರಿನ ವಿಳಾಸ ಹಾಕಿ ‘ನಿವಾಸಿ’ ಎಂದು ಗುರುತು ಮಾಡಿಬಿಡುತ್ತಾರೆ. ಆಗ ಮೇಲೆ ಹೇಳಿದ ತೊಡಕೇ ಎದುರಾಗುತ್ತದೆ. ಅರ್ಜಿಗೆ ಸಹಿ ಮಗನದೇ ಆಗಬೇಕು, ಇ-ಮೇಲೂ ಫೋನೂ ಅವನವೇ ಇರಲಿ.

ಇನ್ನು ಹೊಲದ ಮಾತು. ಪ್ಯಾನ್ ಕೈಗೆ ಬಂದಿತೆಂದ ಮಾತ್ರಕ್ಕೆ ಹೊಲ ಕೊಳ್ಳುವ ಹಕ್ಕು ಬರುವುದಿಲ್ಲ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಇದರ ನಿಯಮಗಳಂತೆ ಅನಿವಾಸಿ ಭಾರತೀಯರು ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಹೊಲದಲ್ಲಿನ ತೋಟದ ಮನೆ ಇವನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದಾಯಿತಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಅದು ರಾಜ್ಯದ ಕಾಯ್ದೆ, ಫೆಮಾ ಕೇಂದ್ರದ್ದು. ರಾಜ್ಯ ತೆರೆದ ಬಾಗಿಲಿನಿಂದ ಕೇಂದ್ರದ ಅಡ್ಡಿ ಸರಿಯಲಿಲ್ಲ. ಮೀರಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಮಧ್ಯಸ್ಥಗಾರರು ಈ ಮಾತನ್ನು ಹೇಳುವುದಿಲ್ಲ, ಅವರ ದಲಾಲಿ ಖರೀದಿಯಾದ ದಿನವೇ ಸಿಗುತ್ತದೆ.

ಹಾಗಾದರೆ ಮೊರಬದ ಗಾಂವಠಾಣಾದಲ್ಲಿನ ಮನೆಯನ್ನು ಕೊಳ್ಳಬಹುದೇ? ಕೊಳ್ಳಬಹುದು. ಧಾರವಾಡದಲ್ಲಿ ಬಿನಶೇತ್ಕಿ ಆದ ಪ್ಲಾಟನ್ನೂ ಕೊಳ್ಳಬಹುದು. ಆದರೆ ‘ಮುಂದೆ ಎನ್.ಎ. ಆಗುತ್ತದೆ’ ಎಂದು ಹೇಳಿ ಮಾರುವ ಗುಂಟೆ ಜಾಗ ಇಂದಿಗೆ ಹೊಲವೇ. ಬಿನಶೇತ್ಕಿ ಆದೇಶದ ಪ್ರತಿಯನ್ನು ಕಣ್ಣಾರೆ ನೋಡಿದ ಹೊರತು ಸಂಚಕಾರ ಕೊಡಬೇಡಿರಿ. ವಾರಸಾ ಹಕ್ಕಿನಿಂದ ಬರುವ ಹೊಲಕ್ಕೆ ಈ ನಿರ್ಬಂಧವಿಲ್ಲ. ಮಗ ಎಲ್ಲಿಯೇ ಇದ್ದರೂ ಅವನ ಪಾಲು ಅವನಿಗೆ ಬರುತ್ತದೆ. ಮಾರುವುದಾದರೆ ಮಾತ್ರ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು.

“ನನ್ನ ಹೆಸರಿಗೇ ಹಿಡಿತೀನಿ ಬಿಡ್ರಿ” ಎನ್ನುವ ತಂದೆಯರಿದ್ದಾರೆ. ಮಗ ಪ್ರೀತಿಯಿಂದ ತಂದೆಗೆ ಕಳಿಸಿದ ಹಣಕ್ಕೆ ತಂದೆ ಆದಾಯ ತೆರಿಗೆ ಕೊಡಬೇಕಿಲ್ಲ. ಆ ಹಣದಲ್ಲಿ ತಮ್ಮ ಹೆಸರಿಗೆ ಹೊಲ ಹಿಡಿದರೆ ಅದು ನಿಜವಾಗಿಯೂ ತಮ್ಮದೇ ಆಗುತ್ತದೆ. ವಿಲ್ ಬರೆದಿಡದಿದ್ದರೆ ಹಿಂದೂ ಕುಟುಂಬದಲ್ಲಿ ತಮ್ಮ ನಂತರ ಹೆಂಡತಿಗೂ, ಎಲ್ಲ ಗಂಡುಮಕ್ಕಳಿಗೂ, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳಿಗೂ ಸಮಪಾಲು. ‘ಹೆಸರು ಅಪ್ಪನದು, ಹೊಲ ನನ್ನದು’ ಎಂಬ ಒಳ ಒಪ್ಪಂದ ಮಾಡಿಕೊಂಡರೆ ಅದು 1988ರ ಬೇನಾಮಿ ಕಾಯ್ದೆಯ ಕೈಗೆ ಸಿಗುತ್ತದೆ. 2016ರ ತಿದ್ದುಪಡಿಯ ನಂತರ ಆ ಕಾಯ್ದೆ ಹರಿತವಾಗಿದೆ. ಅಣ್ಣತಮ್ಮಂದಿರ ನಡುವೆ ಮನಸ್ಸು ಮುರಿಯುವುದಂತೂ ಕಾಯ್ದೆಗಿಂತ ಮೊದಲೇ ಆಗಿರುತ್ತದೆ. ಡೈರಿ ಮಾಡುವ ಆಸೆಯುಳ್ಳ ಹುಡುಗ ದುಡಿಮೆಯನ್ನು ಖಾತೆಯಲ್ಲಿಟ್ಟು, ಕಾಯಂ ಆಗಿ ಮರಳಿ ಬಂದು ನೆಲೆಸಿದ ಮೇಲೆ ಹೊಲ ಕೊಳ್ಳುವುದೇ ನೇರವಾದ ದಾರಿ. ಅಲ್ಲಿಯವರೆಗೆ ತಂದೆಯ ಹೊಲದಲ್ಲಿಯೇ ಎರಡು ಆಕಳು ಹೆಚ್ಚು ಕಟ್ಟಿ ಮೇವಿನ ಲೆಕ್ಕ ಕಲಿಯಲಿಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಮನೆ ಅಥವಾ ಪ್ಲಾಟಿನ ಹಣವನ್ನು ಬ್ಯಾಂಕಿನ ಮೂಲಕ, ಮಗನ ಎನ್.ಆರ್.ಇ. ಅಥವಾ ಎನ್.ಆರ್.ಒ. ಖಾತೆಯಿಂದಲೇ ಕೊಡಬೇಕು. ರಜೆಗೆ ಬಂದವರ ಕೈಯಲ್ಲಿ ಕಳಿಸಿದ ವಿದೇಶಿ ನೋಟು ನಡೆಯದು. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವನೇ ಶೇ. 1ರಷ್ಟು ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಮಾರುವವನಲ್ಲಿ ಪ್ಯಾನ್ ಇಲ್ಲದಿದ್ದರೆ ಅದು ಶೇ. 20. ಮಾರುವವನೂ ಅನಿವಾಸಿಯಾಗಿದ್ದರೆ ಲೆಕ್ಕವೇ ಬೇರೆ, ತೆರಿಗೆ ಸಲಹೆಗಾರರನ್ನು ಕೇಳದೆ ಮುಂದುವರಿಯಬೇಡಿರಿ.

ಮಗ ಬರಲಾಗದೆ ತಮಗೆ ಅಧಿಕಾರ ಪತ್ರ ಕಳಿಸುವುದಾದರೆ ಅದಕ್ಕೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ದೃಢೀಕರಿಸಿರಬೇಕು. ಅದು ಕರ್ನಾಟಕಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತುಂಬಬೇಕು. ಆದುದರಿಂದ ಲಕೋಟೆಯನ್ನು ಎಸೆಯದೆ ಪತ್ರದ ಜೊತೆಗೇ ಇಡಿರಿ, ಬಂದ ತಾರೀಖಿಗೆ ಅದೇ ಆಧಾರ.