ನೇತ್ರವೈದ್ಯರ ಕತ್ತುನೋವು

ಕಣ್ಣಾಸ್ಪತ್ರೆಗೆ ಹೋದವರೆಲ್ಲರಿಗೂ ಪರಿಚಿತವಾದ ಉಪಕರಣವೊಂದುಂಟು: ಸ್ವೀಡನ್ನಿನ ವಿಜ್ಞಾನಿ ಆಲ್ವಾರ್ ಗುಲ್‌ಸ್ಟ್ರಾಂಡರು 1911ರಲ್ಲಿ ಲೋಕದ ಮುಂದಿರಿಸಿದ ಸ್ಲಿಟ್ ಲ್ಯಾಂಪ್. ಅದರ ಮುಂದೆ ಕುಳಿತ ರೋಗಿಗೆ ಗಲ್ಲವನ್ನೂರಲು ಆಸರೆಯೂ ಹಣೆಯನ್ನೊತ್ತಲು ಪಟ್ಟಿಯೂ ಇರುತ್ತವೆ. ಇದಿರಿನ ವೈದ್ಯರಿಗಾದರೋ ಅಂಥ ಯಾವ ಆಧಾರವೂ ಇಲ್ಲ. ಒಂದು ಕೈಯಿಂದ ಯಂತ್ರದ ಹಿಡಿಯನ್ನು ನಡೆಸುತ್ತ, ಮತ್ತೊಂದು ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಪುಟ್ಟ ಮಸೂರವನ್ನು ರೋಗಿಯ ಕಣ್ಣಿನ ಸಮೀಪದಲ್ಲಿ ಅಲುಗದಂತೆ ಹಿಡಿದು, ಮೊಳಕೈಗೆ ಒತ್ತಾಸೆಯಿಲ್ಲದೆ, ಕತ್ತನ್ನು ಮುಂಚಾಚಿ, ಅವರು ಹೊತ್ತುಗಟ್ಟಲೆ ಒಬ್ಬರಾದ ಮೇಲೊಬ್ಬರನ್ನು ಪರೀಕ್ಷಿಸುತ್ತಾರೆ.

ಮನುಷ್ಯನ ಶಿರಸ್ಸಿನ ತೂಕ ಸುಮಾರು 5 ಕಿಲೋಗ್ರಾಂ. ನೆಟ್ಟಗೆ ಕುಳಿತಾಗ ಆ ಭಾರವನ್ನು ಬೆನ್ನುಮೂಳೆಯು ನಿರಾಯಾಸವಾಗಿ ಹೊರುತ್ತದೆ. ತಲೆ ಬಾಗಿದಷ್ಟೂ ಕತ್ತಿನ ಹಿಂಬದಿಯ ಸ್ನಾಯುಗಳು ಅದನ್ನು ಹಿಡಿದು ನಿಲ್ಲಿಸಲು ಅಧಿಕವಾಗಿ ಶ್ರಮಿಸಬೇಕಾಗುತ್ತದೆ. ಅಕ್ಷಿಪಟಲದ ತಜ್ಞರು ತಲೆಗೆ ದೀಪಸಹಿತವಾದ ಉಪಕರಣವನ್ನು ಬಿಗಿದುಕೊಂಡು, ಮಲಗಿದ ರೋಗಿಯ ಮೇಲೆ ನಾನಾ ಕೋನಗಳಿಂದ ಬಾಗುವರಾದುದರಿಂದ ಅವರ ಕ್ಲೇಶವು ಇನ್ನೂ ಹಿರಿದು. ಕಣ್ಣಿನ ಪೊರೆ ತೆಗೆಯುವ ಶಸ್ತ್ರವೈದ್ಯರ ಒಂದು ಪಾದ ಸೂಕ್ಷ್ಮದರ್ಶಕದ ಪೆಡಲಿನ ಮೇಲೂ ಮತ್ತೊಂದು ಪಾದ, ಪೊರೆಯನ್ನು ಒಡೆದು ಹೀರುವ ಫೇಕೋ ಯಂತ್ರದ ಪೆಡಲಿನ ಮೇಲೂ ಇರುವುದರಿಂದ, ಕಾಲುಗಳನ್ನು ನೆಲಕ್ಕೂರಿ ಕೂರುವ ನೆಮ್ಮದಿ ತಪ್ಪಿ, ದೇಹದ ಸಮತೋಲದ ಹೊಣೆಯೆಲ್ಲ ಸೊಂಟದ ಮೇಲೆ ಬೀಳುತ್ತದೆ.

ಹೀಗೆ ಬರುವ ಕತ್ತು ಸೊಂಟಗಳ ವೇದನೆಯನ್ನು ವೈದ್ಯರ ದೇಹದೌರ್ಬಲ್ಯವೆಂದೋ ವಯೋಧರ್ಮವೆಂದೋ ತಳ್ಳಿಹಾಕುವುದು ನ್ಯಾಯವಲ್ಲ; ಲೋಪವಿರುವುದು ದೇಹಕ್ಕೆ ಒಗ್ಗದ ಉಪಕರಣದಲ್ಲಿ. ಮಧುರೆಯಲ್ಲಿ 1976ರಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಸ್ಥಾಪಿಸಿದ ಡಾ. ಜಿ. ವೆಂಕಟಸ್ವಾಮಿಯವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದುವು. ಆದರೂ ತಮ್ಮ ಕೈಗೆ ಒಗ್ಗುವ ಉಪಕರಣಗಳನ್ನು ರೂಪಿಸಿಕೊಂಡು ಅವರು ಸಹಸ್ರಾರು ಜನರಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಅವರ ವ್ಯಾಧಿ ವೃತ್ತಿಯಿಂದ ಬಂದುದಲ್ಲವಾದರೂ, ಉಪಕರಣವು ದೇಹಕ್ಕೆ ಹೊಂದಬೇಕಲ್ಲದೆ ದೇಹವು ಉಪಕರಣಕ್ಕೆ ಮಣಿಯಬಾರದೆಂಬ ತತ್ತ್ವಕ್ಕೆ ಅವರ ಜೀವನವೇ ನಿದರ್ಶನ.

ಪರಿಹಾರಗಳು ದುಸ್ಸಾಧ್ಯವಲ್ಲ. ರೋಗಿ ಬದಲಾದಾಗಲೆಲ್ಲ ಮೇಜು ಕುರ್ಚಿಗಳ ಎತ್ತರವನ್ನು ಸರಿಪಡಿಸುವುದು, ಮೊಳಕೈಗೆ ಮೆತ್ತೆಯನ್ನಿಡುವುದು, ಓರೆಯಾಗಿಸಬಲ್ಲ ನೇತ್ರಕಗಳುಳ್ಳ ಸೂಕ್ಷ್ಮದರ್ಶಕವನ್ನು ಒದಗಿಸುವುದು, ನಡುನಡುವೆ ಎದ್ದು ಮೈ ಸಡಿಲಿಸುವುದು—ಇಷ್ಟರಿಂದಲೇ ಬಹಳಷ್ಟು ಉಪಶಮನ ದೊರೆತೀತು. ಪಳಗಿದ ಶಸ್ತ್ರವೈದ್ಯರೊಬ್ಬರು ಬೆನ್ನುನೋವಿನಿಂದ ಅಕಾಲದಲ್ಲಿ ವೃತ್ತಿಯನ್ನು ತೊರೆದರೆ, ನಷ್ಟವು ಅವರೊಬ್ಬರದೇ ಅಲ್ಲ, ಸರದಿಯಲ್ಲಿ ಕಾದಿರುವ ರೋಗಿಗಳದೂ ಅಹುದು. ಆದುದರಿಂದ ವೈದ್ಯಕೀಯ ಕಾಲೇಜುಗಳು ಶಸ್ತ್ರ ಹಿಡಿಯುವ ಕ್ರಮದೊಡನೆ ಕುಳಿತುಕೊಳ್ಳುವ ಕ್ರಮವನ್ನೂ ಮೊದಲ ವರ್ಷದಿಂದಲೇ ಕಲಿಸಲಿ. ಆಸ್ಪತ್ರೆಗಳ ಆಡಳಿತವರ್ಗದವರು ಒಳ್ಳೆಯ ಕುರ್ಚಿಯನ್ನೂ ಅಲ್ಪ ವಿರಾಮವನ್ನೂ ದುಂದುವೆಚ್ಚವೆಂದು ಎಣಿಸದಿರಲಿ.