ಕಾರ್ಬುರೇಟರ್‌ನ ಬಿಸಿನೀರಿನ ಪೈಪ್ ತಪ್ಪಿಸಿದರೆ ಹಳೆ ಕಾರು ಕಾಯುವುದಿಲ್ಲವೇ?

“ಕಾರು ತುಂಬಾ ಹೀಟ್ ಆಗ್ತಿದೆಯಾ? ಕಾರ್ಬುರೇಟರ್ ಕೆಳಗಿನ ಬಿಸಿನೀರಿನ ಪೈಪ್ ಬೈಪಾಸ್ ಮಾಡಿಸಿ, ಸರಿಹೋಗುತ್ತೆ.” ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟಕ್ಕೂ ಸಂತೆಗೂ ಹಳೆ ಕಾರು ಓಡಿಸುವವರಿಗೆ ಇಂಥ ಸಲಹೆ ಸಿಕ್ಕಿರಬಹುದು. ಇದನ್ನು ನಂಬಬಹುದೇ?

ಆ ಬಿಸಿನೀರು ಏಕೆ ಬೇಕು?

ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಕೈಮೇಲೆ ಪೆಟ್ರೋಲ್ ಬಿದ್ದರೆ ತಣ್ಣಗೆನಿಸುವುದು ಇದಕ್ಕೇ. ಕಾರ್ಬುರೇಟರ್ ಒಳಗೆ ಹೀಗೆ 20 ಡಿಗ್ರಿಯಷ್ಟು ಉಷ್ಣಾಂಶ ಇಳಿಯಬಹುದು. ಮಂಜು ಕವಿದ ಮಾಗಿಯ ಬೆಳಗ್ಗೆ ಹೊರಗೆ 15 ಡಿಗ್ರಿ ಇದ್ದರೂ ಗಾಳಿಯ ತೇವ ಒಳಗೆ ಹೆಪ್ಪುಗಟ್ಟಿ ಎಂಜಿನ್ ಮುಗ್ಗರಿಸಬಹುದು. ಇದನ್ನು ತಡೆಯಲು ಕೆಲವು ಕಾರುಗಳಲ್ಲಿ ಕಾರ್ಬುರೇಟರ್ ಕೆಳಗಿನ ಸ್ಪೇಸರ್‌ನಲ್ಲಿ ಎಂಜಿನ್‌ನ ಬಿಸಿನೀರು ಹರಿಯುತ್ತದೆ. 2000ದ ಆಸುಪಾಸಿನಲ್ಲಿ ಫ್ಯೂಯಲ್ ಇಂಜೆಕ್ಷನ್ ಕಾರುಗಳು ಬಂದ ಮೇಲೆ ಕಾರ್ಬುರೇಟರ್ ಕ್ರಮೇಣ ಮರೆಯಾಯಿತು.

ಬೈಪಾಸ್‌ನಿಂದ ಏನಾಗುತ್ತದೆ?

ಬೇಸಿಗೆಯಲ್ಲಿ ಕಾರ್ಬುರೇಟರ್ ತುಸು ತಣ್ಣಗಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದಾಗ ಪೆಟ್ರೋಲ್ ಕುದಿದು ಸ್ಟಾರ್ಟ್ ಆಗದ ತೊಂದರೆ ಕಡಿಮೆಯಾಗಬಹುದು. ಆದರೆ ಎಂಜಿನ್ ತಣ್ಣಗಾಗುವುದಿಲ್ಲ. ಅದರ ಶಾಖವನ್ನು ಹೊರಹಾಕುವುದು ರೇಡಿಯೇಟರ್, ಈ ಪೈಪ್ ಅಲ್ಲ. ಚಳಿಯಲ್ಲಿ ಎಂಜಿನ್ ತಡವರಿಸಿ ಪೆಟ್ರೋಲ್ ಹೆಚ್ಚು ಕುಡಿಯಲೂಬಹುದು.

ನಿಜವಾದ ಕಾರಣ ಎಲ್ಲಿ?

ರೇಡಿಯೇಟರ್‌ಗೆ ಗಡಸು ಬೋರ್‌ವೆಲ್ ನೀರು ಹಾಕುತ್ತಿದ್ದರೆ, ಕುದಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ಒಳಗಿನ ಕೊಳವೆಗಳಲ್ಲೂ ಕಟ್ಟುತ್ತದೆ. ಹೊರಗಿನ ಜಾಲರಿಗೆ ದೂಳು, ತೆಂಗಿನ ನಾರು ಕೂತರೆ ಗಾಳಿ ಆಡುವುದಿಲ್ಲ. ಸಡಿಲ ಫ್ಯಾನ್ ಬೆಲ್ಟ್, ಕೆಟ್ಟ ಥರ್ಮೋಸ್ಟಾಟ್, ಸೋರುವ ವಾಟರ್ ಪಂಪ್ ಕೂಡ ಕಾರಣವಾಗಬಹುದು. ಇವನ್ನು ಬಿಟ್ಟು ಪೈಪ್ ತಪ್ಪಿಸಿ ನೆಮ್ಮದಿಯಾಗಿ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಸಣ್ಣ ಖರ್ಚಿನ ಕೆಲಸ ದೊಡ್ಡ ರಿಪೇರಿಯಾಗುತ್ತದೆ.

ಏನು ಮಾಡಬೇಕು?

• ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಹಾಕಿ.
• ಸ್ಪೇಸರ್ ಸೋರುತ್ತಿದ್ದು ಬೈಪಾಸ್ ಮಾಡಲೇಬೇಕಾದರೆ ಎರಡೂ ಪೈಪ್‌ಗಳನ್ನು ಜಾಯಿಂಟರ್ ಹಾಕಿ ಒಂದಕ್ಕೊಂದು ಜೋಡಿಸಲು ಹೇಳಿ. ಬಿರಡೆ ಹಾಕಿ ಮುಚ್ಚಿಸಬೇಡಿ. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ಮೊದಲು ನೀರು ಸುತ್ತುವುದು ಈ ದಾರಿಯಲ್ಲೇ.
• ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಒಟ್ಟಿನಲ್ಲಿ: ಬೈಪಾಸ್ ಮಾಡಿದರೆ ಕಾರ್ಬುರೇಟರ್ ತಣ್ಣಗಿರಬಹುದು, ಎಂಜಿನ್ ಅಲ್ಲ. ಆ ಸಲಹೆ ನಿಮ್ಮ ಗುಂಪಿಗೂ ಬಂದರೆ, ಮೊದಲು ರೇಡಿಯೇಟರ್ ತೋರಿಸಿ ಎಂದು ಉತ್ತರಿಸಿ.